ಬೆಳಕು ಯಾವ ಕಡೆಯಿಂದ

"ಸ್ವಲ್ಪ ತಡಿ," ಎಂದು ಬಸ್ ಡ್ರೈವರ್ ಸಲಿಕೆಯ ಹಿಡಿಯ ಮೇಲೆ ಕೈಯಿಟ್ಟ.

ಸಲಿಕೆಯಲ್ಲಿ ಆಗಲೇ ಮಣ್ಣು ತುಂಬಿತ್ತು. ಗುಂಡಿ ತೋಡಿದ ಆಳು ಅದನ್ನು ಒಳಗೆ ಹಾಕಲೂ ಆಗದೆ, ಕೆಳಗಿಳಿಸಲೂ ಆಗದೆ ಸುತ್ತ ನಿಂತವರ ಮುಖ ನೋಡಿದ. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿ ಆಗಿತ್ತು. ಕೆಲವರು ಕೈ ಕೊಡವಿಕೊಂಡು ನಲ್ಲಿಯ ಕಡೆ ಹೊರಟೂ ಬಿಟ್ಟಿದ್ದರು. ಡ್ರೈವರನ ಹೆಂಡತಿ ಮಾತ್ರ ಗುಂಡಿಯ ತಳದಲ್ಲಿ, ಹಲಗೆಯ ಪೆಟ್ಟಿಗೆಯೊಳಗೆ ಕಾಯುತ್ತಿದ್ದಳು. ಯಾತಕ್ಕೆ ಕಾಯುತ್ತಿದ್ದಾಳೆ ಎನ್ನುವುದು ಡ್ರೈವರನೊಬ್ಬನಿಗೆ ಗೊತ್ತಿತ್ತು.

"ಏನಾಯ್ತು ಭಾವ?" ಎನ್ನುತ್ತ ಹೆಂಡತಿಯ ತಮ್ಮ ಹತ್ತಿರ ಬಂದ. ಪೈಪು, ನಲ್ಲಿ ಮಾರುವ ಅಂಗಡಿಯವನು. ಸೋರಿಹೋಗುವುದನ್ನು ಕಂಡರೆ ಸುಮ್ಮನಿರಲಾರ, ಅದು ನೀರಾಗಲಿ ಹೊತ್ತಾಗಲಿ.

"ಏನಿಲ್ಲ. ಒಂದು ಚಿತ್ರ ಬರಬೇಕು. ಬಂದ ಮೇಲೆ ಮುಚ್ಚೋಣ."

"ಫೋಟೋನಾ? ಸ್ಟುಡಿಯೋದವನಿಗೆ ನಾನೇ ಹೇಳಿದೀನಲ್ಲ. ಕಟ್ಟು ಹಾಕಿಸಿ ನಾಳೆ ಕೊಡ್ತಾನೆ."

"ಆ ಫೋಟೋ ಅಲ್ಲ. ಅವಳ ಆಫೀಸಿಂದು. ಮೇಲಿಂದ ಬರೋದು."

ತಮ್ಮ ತಲೆಯೆತ್ತಿ ಆಕಾಶ ನೋಡಿದ. ಯಾಕೆ ನೋಡಿದೆನೋ ಎಂದು ಆಮೇಲೆ ತನ್ನ ಮೇಲೇ ಸಿಟ್ಟು ಬಂದಿರಬೇಕು, ದನಿ ತಗ್ಗಿಸಿ ಬಿಗಿಯಾಗಿ ಹೇಳಿದ: "ದೂರದಿಂದ ಬಂದೋರಿದ್ದಾರೆ ಭಾವ. ಬೆಳಗ್ಗಿಂದ ಯಾರ ಹೊಟ್ಟೆಗೂ ಏನೂ ಬಿದ್ದಿಲ್ಲ."

"ಮಾತು ಕೊಟ್ಟಿದೀನಿ ಕಣೋ. ಆ ಚಿತ್ರದಲ್ಲಿ ಏನಿದೆ ಅಂತ ನೋಡದೆ ನನ್ನ ಮುಚ್ಚಬೇಡಿ ಅಂದಿದ್ಳು. ಹೂಂ ಅಂದಿದ್ದೆ."

"ಸಾಯೋರು ಏನೇನೋ ಕೇಳ್ತಾರೆ. ಇರೋರು ಹೂಂ ಅಂತಾರೆ. ಅದೆಲ್ಲ ನಡೆಸೋಕಾಗುತ್ತಾ?"

ಡ್ರೈವರ್ ಜೇಬಿನಿಂದ ಫೋನು ತೆಗೆದು ಕಣ್ಣಿನ ಹತ್ತಿರ ಹಿಡಿದ. ಅದರಲ್ಲಿ ಚಿತ್ರಭಂಡಾರದ ಪುಟ ಬೆಳಗ್ಗಿನಿಂದ ತೆರೆದೇ ಇತ್ತು. ಮೇಲೆ ಹಳೆಯ ಮೂರು ಚಿತ್ರಗಳು ಸಾಲಾಗಿ, ಕೆಳಗೆ ನಾಲ್ಕನೆಯದಕ್ಕೆ ಇವತ್ತಿನ ತಾರೀಖು ಹಾಕಿದ ಒಂದು ಬೂದುಬಣ್ಣದ ಖಾಲಿ ಚೌಕ. ಹೆಬ್ಬೆರಳಿನಿಂದ ಪುಟವನ್ನು ಕೆಳಗೆಳೆದು ಬಿಟ್ಟ. ಚೌಕ ಖಾಲಿಯಾಗಿಯೇ ಇತ್ತು.

"ಯಜಮಾನ್ರೇ," ಎಂದ ಗುಂಡಿಯ ಆಳು, "ಬೆಳಕು ಹೋದ್ರೆ ನನಗೆ ಕಷ್ಟ. ನಾಳೆ ಇನ್ನೊಬ್ರದ್ದು ಬರ್ತಿದೆ. ಅದಕ್ಕೂ ಇದರ ಪಕ್ಕದಲ್ಲೇ ತೋಡಬೇಕು."

"ಬೆಳಕು ಹೋಗೋವರೆಗೂ ಕಾಯೋಣ," ಎಂದ ಡ್ರೈವರ್. ಆಳು ಸಲಿಕೆಯ ಮಣ್ಣನ್ನು ಮತ್ತೆ ರಾಶಿಗೇ ಸುರಿದು, ಹಿಡಿಯ ಮೇಲೆ ಗದ್ದವಿಟ್ಟು ನಿಂತ.

*

ಬೇರೊಂದು ಗ್ರಹದ ಸುತ್ತ ಒಂದು ನೌಕೆ ಸುತ್ತುತ್ತಿತ್ತು. ಅದು ಹಾದುಹೋದಲ್ಲೆಲ್ಲ ಕೆಳಗಿನ ನೆಲದ ಚಿತ್ರ ತೆಗೆದು, ಪಟ್ಟಿ ಪಟ್ಟಿಯಾಗಿ ಇಲ್ಲಿಗೆ ಕಳಿಸುತ್ತಿತ್ತು. ಬಂದ ಪಟ್ಟಿಗಳೆಲ್ಲ ಚಿತ್ರಭಂಡಾರಕ್ಕೆ ಸೇರುತ್ತಿದ್ದವು. ಭಂಡಾರ ಎಂದರೆ ಬೀಗ ಹಾಕಿಡುವ ಭಂಡಾರವಲ್ಲ. ಬಂದದ್ದನ್ನೆಲ್ಲ ಎಲ್ಲರಿಗೂ ತೋರಿಸಬೇಕು, ಒಂದನ್ನೂ ಹಿಡಿದಿಡಬಾರದು ಎನ್ನುವುದೇ ಅಲ್ಲಿಯ ಮೊದಲ ಕಟ್ಟಳೆ. ಶಾಲೆಯ ಮಕ್ಕಳು, ನಿವೃತ್ತರು, ನಿದ್ದೆ ಬಾರದವರು, ಯಾರು ಬೇಕಾದರೂ ಮನೆಯಲ್ಲೇ ಕೂತು ಆ ನೆಲವನ್ನು ನೋಡಬಹುದಿತ್ತು. ಇಂಥ ಜಾಗವನ್ನು ಇನ್ನೊಮ್ಮೆ ತೆಗೆಯಿರಿ ಎಂದು ಕೇಳಲೂಬಹುದಿತ್ತು. ಸರದಿ ಬರಲು ವರ್ಷಗಳೇ ಹಿಡಿಯುತ್ತಿದ್ದವು, ಅಷ್ಟೆ.

ಡ್ರೈವರನ ಹೆಂಡತಿ ಅಲ್ಲಿ ಕೆಲಸಕ್ಕಿದ್ದಳು. ಬಂದ ಪ್ರತಿ ಪಟ್ಟಿಯಲ್ಲಿ ಬಿಸಿಲು ಯಾವ ಕಡೆಯಿಂದ ಬಿದ್ದಿದೆ ಎಂದು ನೋಡಿ ಒಂದು ಬಾಣದ ಗುರುತು ಹಾಕುವುದು, ಆಮೇಲೆ ಅದನ್ನು ಹೊರಗೆ ಬಿಡುವುದು. ಇಷ್ಟೇ ಕೆಲಸ. ಅದನ್ನೇ ಬದುಕೆಲ್ಲ ಮಾಡಿದಳು. ಆಫೀಸಿನವರು ಅವಳನ್ನು ದಿಕ್ಕಮ್ಮ ಎಂದು ಕರೆಯುತ್ತಿದ್ದರು. ಬರಬರುತ್ತ ಮನೆಯವರಿಗೂ ಅದೇ ಬಾಯಿಗೆ ಬಂತು.

ಮದುವೆಗೆ ಮುಂಚೆ, ಆಫೀಸಿಗೆ ಜನರನ್ನು ಬಿಡುವ ಒಂದು ದಿನ ಡ್ರೈವರ್ ಅಲ್ಲಿಗೆ ಹೋಗಿದ್ದ. ಅವನ ಬಸ್ಸಿಗೆ ದಿನವೂ ಹತ್ತುವ ಹೆಂಗಸು ಒಳಗೆ ಏನು ಮಾಡುತ್ತಾಳೆ ನೋಡಿಬರೋಣ ಎಂದು. ಅವಳು ಒಂದು ದೊಡ್ಡ ಹಾಳೆಯನ್ನು ಮೇಜಿನ ಮೇಲೆ ಹರಡಿದಳು.

"ಇದೇನು ಹೇಳಿ, ಗುಡ್ಡನೋ ಗುಂಡಿನೋ?"

"ಗುಡ್ಡ. ಇಷ್ಟು ಚೆನ್ನಾಗಿ ಉಬ್ಬಿದೆಯಲ್ಲ."

ಅವಳು ಹಾಳೆಯನ್ನು ತಲೆಕೆಳಗು ಮಾಡಿದಳು. ಗುಡ್ಡಗಳೆಲ್ಲ ಒಮ್ಮೆಲೇ ಒಳಗಿಳಿದು ಗುಂಡಿಗಳಾದವು. ಡ್ರೈವರನಿಗೆ ಗಕ್ಕನೆ ಬ್ರೇಕು ಒತ್ತಿದ ಹಾಗಾಯಿತು. "ಇನ್ನೊಂದ್ಸಲ ತಿರುಗಿಸಿ," ಎಂದ. ಮತ್ತೆ ಗುಡ್ಡವಾದವು.

"ನಮ್ಮ ಕಣ್ಣಿಗೆ ಬೆಳಕು ಮೇಲಿಂದಲೇ ಬಿದ್ದು ಅಭ್ಯಾಸ," ಎಂದಳು ಅವಳು. "ಚಿತ್ರ ತಿರುಗಿದ್ರೂ ಕಣ್ಣು ಒಪ್ಪಲ್ಲ. ಗುಂಡೀನೇ ಗುಡ್ಡ ಅನ್ನುತ್ತೆ. ಅದಕ್ಕೇ ಬೆಳಕು ಯಾವ ಕಡೆಯಿಂದ ಅಂತ ಗೊತ್ತಾಗದೆ ಯಾರ ಮಾತೂ ನಂಬಬಾರದು."

"ನಿಮ್ಮ ಮಾತೂ?"

"ನನ್ನ ಮಾತೂ."

ಅವಳನ್ನು ಮದುವೆಯಾಗಬೇಕು ಎಂದು ಡ್ರೈವರನಿಗೆ ಅನ್ನಿಸಿದ್ದು ಆಗಲೇ. ಹೀಗೆ ತನ್ನ ಮಾತನ್ನೇ ನಂಬಬೇಡ ಎಂದವರನ್ನು ಅವನು ಅದುವರೆಗೆ ಕಂಡಿರಲಿಲ್ಲ.

ರಜೆಯ ದಿನ ಅವನು ಸ್ಟಿಯರಿಂಗ್ ಬಿಟ್ಟು ಪ್ರಯಾಣಿಕನಾಗಿ ಬಸ್ಸು ಹತ್ತುತ್ತಿದ್ದ, ಅವಳ ಪಕ್ಕ ಕೂತು ಬರಲು. ಅವಳು ಹತ್ತುವುದು ಮೊದಲನೇ ಸ್ಟಾಪಿನಲ್ಲಿ, ಅವನು ಡಿಪೋದ ಹತ್ತಿರ. ಅಷ್ಟು ಹೊತ್ತಿಗೆ ಬಸ್ಸು ತುಂಬಿರುತ್ತಿತ್ತು. ಅವಳು ನೀಲಿ ಚೌಕುಳಿಯ ಕರವಸ್ತ್ರವನ್ನು ಪಕ್ಕದ ಸೀಟಿನ ಮೇಲೆ ಹಾಸಿ ಕೂರುತ್ತಿದ್ದಳು. ನಿಂತವರು ಕೇಳುವರು: "ಇಲ್ಲಿ ಯಾರಾದ್ರೂ ಬರ್ತಾರಾ?" ಅವಳು ಕಿಟಕಿಯಿಂದ ಮುಖ ತೆಗೆಯದೆ ಹೇಳುವಳು: "ಬರ್ತಾರೆ." ಜನ ಗೊಣಗಿದರೂ ಅವಳ ಉತ್ತರ ಅದೇ. ಡ್ರೈವರ್ ಬಂದು ಕರವಸ್ತ್ರ ಎತ್ತಿಕೊಟ್ಟು ಕೂತರೆ, "ನಿಮಗೋಸ್ಕರ ಪ್ರತಿ ಸಲ ಬೈಸ್ಕೋಬೇಕು ನಾನು," ಎನ್ನುವಳು. ಆ ಬೈಗುಳ ಅವಳಿಗೆ ಇಷ್ಟವೇ ಇತ್ತು.

*

ಸ್ಮಶಾನದ ನೆರಳುಗಳು ಉದ್ದವಾಗತೊಡಗಿದವು. ಬಂದವರಲ್ಲಿ ಅರ್ಧ ಜನ ಗೇಟಿನ ಹತ್ತಿರ ಗುಂಪಾಗಿ ನಿಂತು ಮಾತಿಗಿಳಿದಿದ್ದರು. ಪಕ್ಕದ ಮನೆಯ ಅಜ್ಜಿ ಮಾತ್ರ ಯಾರೋ ತಂದಿಟ್ಟ ಕುರ್ಚಿಯಲ್ಲಿ ಗುಂಡಿಯ ಪಕ್ಕವೇ ಕೂತಿದ್ದಳು.

"ನನ್ನ ಕೋಳಿ ಕಳುವಾದಾಗ ಇವಳನ್ನೇ ಕೇಳಿದ್ದೆ," ಎಂದಳು ಅಜ್ಜಿ, ಯಾರಿಗೆ ಎಂದಿಲ್ಲದೆ. "ಮೇಲಿಂದ ಎಲ್ಲಾ ಕಾಣುತ್ತಂತಲ್ಲ, ಯಾರು ಕದ್ರು ನೋಡೇ ಅಂದೆ. ಅಜ್ಜಿ, ಅದು ಬೇರೆ ಗ್ರಹ, ಅಲ್ಲಿ ಯಾರೂ ಇಲ್ಲ ಅಂದ್ಳು. ಯಾರೂ ಇಲ್ದೇ ಇದ್ರೆ ದಿನಾ ಏನ್ ನೋಡ್ತೀಯೇ ಅಂದೆ."

"ಏನಂದ್ಳು?" ಎಂದು ಡ್ರೈವರ್ ಕೇಳಿದ.

"ಯಾರೂ ಇಲ್ಲ ಅಂತ ಖಾತ್ರಿ ಮಾಡ್ಕೋತೀನಿ ಅಂದ್ಳು." ಅಜ್ಜಿ ನಕ್ಕಳು. ಆಮೇಲೆ ಗುಂಡಿಯ ಕಡೆ ಬಗ್ಗಿ ನೋಡಿದಳು. "ಆದ್ರೂ ತೆರೆದಿಡಬಾರದಪ್ಪ ಇದನ್ನ. ತೆರೆದ ಗುಂಡಿ ಸುಮ್ನಿರಲ್ಲ."

ತಮ್ಮ ಅಲ್ಲಿಗೇ ಬಂದು ನಿಂತ. ಹೊಟ್ಟೆಯೊಳಗಿನ ಸಂಕಟ ಸಿಟ್ಟಾಗಿ ಹೊರಬರುವ ಜಾತಿಯವನು ಅವನು. ಬೆಳಗ್ಗೆ ಪೆಟ್ಟಿಗೆಯ ಮುಂದೆ ಮಗುವಿನ ಹಾಗೆ ಅತ್ತಿದ್ದ.

"ಭಾವ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅಕ್ಕನಿಗೆ ಕೊನೇಲಿ ತಲೆ ಸರಿ ಇರಲಿಲ್ಲ. ಔಷಧಿ ಹಾಗಿತ್ತು. ನನ್ನ ಹತ್ರಾನೂ ಏನೋ ಅಂದ್ಳು, ಅಲ್ಲಿ ಯಾರೋ ಅಗೀತಿದಾರೆ ಕಣೋ ಅಂತ. ನಾನು ಹೂಂ ಅಂದು ಎದ್ದುಬಂದೆ. ಜನರ ಮುಂದೆ ಅದನ್ನೆಲ್ಲ ಎತ್ತಬೇಡಿ. ಅಕ್ಕ ಮರ್ಯಾದೆಯಾಗಿ ಬದುಕಿದೋಳು. ಮರ್ಯಾದೆಯಾಗಿ ಹೋಗಲಿ."

"ಅವಳಿಗೆ ತಲೆ ಸರಿ ಇತ್ತೋ ಇಲ್ವೋ ಅನ್ನೋದಕ್ಕೇ ಕಾಯ್ತಿರೋದು," ಎಂದ ಡ್ರೈವರ್. "ಅವಳೂ ಅದನ್ನೇ ಕೇಳಿದ್ದು."

ಆಗ ಗೇಟು ದಾಟಿ ಒಬ್ಬ ಹೆಂಗಸು ಬಂದಳು. ನಲವತ್ತರ ಆಸುಪಾಸು, ದಪ್ಪ ಕನ್ನಡಕ, ಹೆಗಲಲ್ಲಿ ಉದ್ದನೆಯ ಚೀಲ. ದಿಕ್ಕಮ್ಮನ ಕೈಕೆಳಗೆ ಕೆಲಸ ಕಲಿತು, ಈಗ ಅವಳ ಕುರ್ಚಿಯಲ್ಲೇ ಕೂರುವವಳು. ಕೆಲಸಕ್ಕೆ ಸೇರಿದ ಮೊದಲ ವಾರ ಕ್ಯಾಮೆರಾದ ಗಾಜಿಗಂಟಿದ ಧೂಳಿನ ಕಣವನ್ನು ಹೊಸ ಕೆರೆ ಎಂದು ಬರೆದಿದ್ದಕ್ಕೆ ಅವಳಿಗೆ ಚುಕ್ಕಿ ಎಂದೇ ಹೆಸರಾಗಿತ್ತು. ಅವಳು ಒಂದು ಹಿಡಿ ಮಣ್ಣು ಹಾಕಿದಳು.

"ಬಂತಾ ಅಮ್ಮ?" ಎಂದು ಡ್ರೈವರ್ ಕೇಳಿದ.

"ಇಲ್ಲ. ಇನ್ನೂ ಬಂದಿಲ್ಲ." ಚುಕ್ಕಿ ಚೀಲವನ್ನು ಮುಂದಿನಿಂದ ಬೆನ್ನಿಗೆ ಸರಿಸಿದಳು. "ಒಂದೊಂದ್ಸಲ ತಡ ಆಗುತ್ತೆ. ನೀವು ಮುಚ್ಚಿಬಿಡಿ, ಸರ್."

"ನೋಡಿದ್ರಾ," ಎಂದ ತಮ್ಮ. "ಅವರೇ ಹೇಳ್ತಿದಾರೆ."

ಡ್ರೈವರ್ ಚುಕ್ಕಿಯ ಮುಖ ನೋಡಿದ. ಅರ್ಧ ಬದುಕು ಬಸ್ಸು ಓಡಿಸಿದವನು. ಟಿಕೆಟ್ ತೆಗೆದುಕೊಳ್ಳದೆ ಕೂತವರ ಮುಖ ಹೇಗಿರುತ್ತದೆ ಎಂದು ಮುಂದಿನ ಕನ್ನಡಿಯಲ್ಲೇ ಗೊತ್ತಾಗುತ್ತಿತ್ತು ಅವನಿಗೆ. ಅವರು ಹೊರಗಡೆ ನೋಡುತ್ತಿರುತ್ತಾರೆ, ಹೊರಗೆ ಏನೂ ಇಲ್ಲದಿದ್ದರೂ.

ಚುಕ್ಕಿ ಬೇಲಿಯಾಚೆ ನೋಡುತ್ತಿದ್ದಳು.

*

ದಿಕ್ಕಮ್ಮನ ಕೆಲಸದಲ್ಲಿ ಇನ್ನೊಂದು ಭಾಗವಿತ್ತು. ಜನರಿಂದ ಬರುವ ಪ್ರಶ್ನೆಗಳಿಗೆ ಉತ್ತರ ಬರೆಯುವುದು. ಒಬ್ಬರಿಗೆ ಆ ನೆಲದಲ್ಲಿ ಮನುಷ್ಯನ ಮುಖ ಕಂಡಿರುತ್ತಿತ್ತು, ಇನ್ನೊಬ್ಬರಿಗೆ ಬಾಗಿಲು. ಒಬ್ಬ ಮೇಷ್ಟ್ರಿಗೆ ಮಲಗಿದ ಎಮ್ಮೆ ಕಂಡಿತ್ತು, ಅದರ ಕೊಂಬಿನ ಸಮೇತ. ಅವಳು ಯಾರನ್ನೂ ನಗೆಪಾಟಲು ಮಾಡುತ್ತಿರಲಿಲ್ಲ. ಎಲ್ಲರಿಗೂ ಒಂದೇ ಉತ್ತರ: ಚಿತ್ರವನ್ನು ತಿರುಗಿಸಿ ನೋಡಿ. ತಿರುಗಿಸಿದರೆ ಮುಖವೂ ಬಾಗಿಲೂ ಎಮ್ಮೆಯೂ ಮಾಯವಾಗಿ ಬರೀ ಕಲ್ಲು ಮಣ್ಣು ಉಳಿಯುತ್ತಿತ್ತು.

ಅಂಥವಳಿಗೇ ಒಂದು ಕಂಡಿತು.

ಅದನ್ನು ಅವಳು ಗಂಡನಿಗೆ ತೋರಿಸಿದ್ದು ಕಾಯಿಲೆ ಬಲಿತ ಮೇಲೆ, ಹಾಸಿಗೆಯಲ್ಲಿ ದಿಂಬಿಗೊರಗಿ ಕೂತು. ಕಂಪ್ಯೂಟರು ಮಂಚದ ಮೇಲಿತ್ತು. ಪರದೆಯ ಮೇಲೆ ಒಂದು ಬಯಲು, ಬಯಲ ತುಂಬ ಸಣ್ಣ ದೊಡ್ಡ ಗುಂಡಿಗಳು.

"ಇದು ಮೊದಲನೇದು. ನಾನಿನ್ನೂ ಗಟ್ಟಿಯಾಗಿದ್ದಾಗ ಬಂದಿದ್ದು. ಇಲ್ಲಿ ನೋಡಿ, ನಾಲ್ಕು ಗೆರೆ."

ಅವಳು ದೊಡ್ಡದು ಮಾಡಿ ತೋರಿಸಿದಳು. ಉಗುರಿನಿಂದ ಗೀರಿದಂಥ ತೆಳು ಗೆರೆಗಳು, ನಾಲ್ಕು ಮೂಲೆ ಸರಿಯಾಗಿ ಕೂಡಿದ್ದವು. "ಎಷ್ಟು ದೊಡ್ಡದು ಇದು?" ಎಂದು ಡ್ರೈವರ್ ಕೇಳಿದ.

"ಈ ಮಂಚದಷ್ಟು."

ಡ್ರೈವರ್ ಮಂಚದ ಮೇಲಿಂದ ಎದ್ದು ನಿಂತ. ಯಾಕೆ ಎದ್ದೆ ಎಂದು ಅವನಿಗೂ ತಿಳಿಯಲಿಲ್ಲ.

"ಚಿತ್ರ ಬರುವಾಗ ಏನೋ ಕೆಟ್ಟಿದೆ ಅಂದ್ಕೊಂಡೆ. ಆದ್ರೂ ಮನಸ್ಸು ಕೇಳದೆ, ಎಲ್ಲರ ಹಾಗೆ ನಾನೂ ಅರ್ಜಿ ಹಾಕಿದೆ, ಈ ಜಾಗ ಇನ್ನೊಂದ್ಸಲ ತೆಗೀರಿ ಅಂತ. ಇದು ಎರಡನೇದು. ನನಗೆ ಆಗಷ್ಟೇ ಸುಸ್ತು ಶುರುವಾಗಿತ್ತು."

ಗೆರೆಯೊಳಗಿನ ನೆಲ ಕುಸಿದಿತ್ತು.

"ಇದು ಮೂರನೇದು. ಡಾಕ್ಟ್ರು ಹೇಳಿದ ವಾರ."

ಆ ಜಾಗ ಈಗ ಕಪ್ಪಗಿತ್ತು. ತಳ ಕಾಣದಷ್ಟು ಕಪ್ಪು. ಒಂದು ಬದಿಗೆ ಉದ್ದಕ್ಕೆ ಮಣ್ಣು ಒಟ್ಟಿದ ಹಾಗೆ ದಿಬ್ಬವಿತ್ತು.

"ಗಾಳಿ ಇರಬಹುದು ಕಣೆ," ಎಂದ ಡ್ರೈವರ್. "ನೀನೇ ಹೇಳ್ತೀಯಲ್ಲ, ಅಲ್ಲಿ ಧೂಳಿನ ಗಾಳಿ ಬೀಸುತ್ತೆ ಅಂತ. ಬೆಳಕು ಬೇರೆ ಕಡೆಯಿಂದ ಬಿದ್ದಿರಬಹುದು. ತಿರುಗಿಸು ನೋಡೋಣ."

ಅವಳು ತಿರುಗಿಸಿದಳು. ಬಯಲಿನ ಗುಂಡಿಗಳೆಲ್ಲ ಒಂದೇ ಸಲಕ್ಕೆ ಉಬ್ಬಿ ಗುಡ್ಡಗಳಾದವು. ಮಂಚದಷ್ಟು ಜಾಗ ಮಾತ್ರ ಗುಂಡಿಯಾಗಿಯೇ ಉಳಿಯಿತು.

"ಎಲ್ಲಾ ತಿರುಗುತ್ತೆ ರೀ. ಇದೊಂದು ತಿರುಗಲ್ಲ."

ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ತಮ್ಮ ಎಷ್ಟು ಸಲ ಬದಲಾಯಿಸಿಕೊಟ್ಟರೂ ಆ ನಲ್ಲಿ ತೊಟ್ಟಿಕ್ಕುವುದನ್ನು ಬಿಟ್ಟಿರಲಿಲ್ಲ.

"ನಾಲ್ಕನೇದಕ್ಕೂ ಅರ್ಜಿ ಹಾಕಿದೀನಿ," ಎಂದಳು. "ಅದು ಬರೋ ಹೊತ್ತಿಗೆ ನಾನಿರಲ್ಲ ಅನ್ಸುತ್ತೆ. ನೀವು ನೋಡಿ. ನಾನು ಹೋದ ಮೇಲೂ ಅದು ತೆರೆದೇ ಇದ್ರೆ ನನಗೂ ಆ ಎಮ್ಮೆ ಮೇಷ್ಟ್ರಿಗೂ ವ್ಯತ್ಯಾಸ ಇಲ್ಲ, ಎಲ್ಲಾ ನನ್ನ ಹುಚ್ಚು ಅಂತ ಆಯ್ತು. ನಗ್ತಾ ಹೋಗ್ತೀನಿ. ಮುಚ್ಚಿದ್ರೆ, ಅದು ನನಗೇ ಅಂತ ತೋಡಿದ್ದು ಅಂತ ಗೊತ್ತಾಯ್ತು. ಅದಕ್ಕೂ ಹೆದರಿಕೆ ಇಲ್ಲ. ನೋಡಿ ನೋಡಿ ನಂದೇ ಊರಾಗಿದೆ ಅದು. ಯಾವುದು ಅಂತ ಗೊತ್ತಾಗ್ದೇ ಮಾತ್ರ ನನ್ನ ಮುಚ್ಚಬೇಡಿ. ಗುರುತು ಹಾಕದೆ ಒಂದು ಚಿತ್ರಾನೂ ಹೊರಗೆ ಬಿಟ್ಟೋಳಲ್ಲ ನಾನು."

"ಹೂಂ," ಎಂದಿದ್ದ ಡ್ರೈವರ್.

"ಬಂದು ನನ್ನ ಕಿವಿ ಹತ್ರ ಹೇಳಿ."

"ಹೂಂ ಕಣೆ."

ಆ ರಾತ್ರಿ ಅವನಿಗೆ ಮಂಚದ ಮೇಲೆ ನಿದ್ದೆ ಬರಲಿಲ್ಲ. ಕೆಳಗೆ ಚಾಪೆ ಹಾಸಿಕೊಂಡ. ಕತ್ತಲಲ್ಲಿ ಅವಳು ಕೈ ಇಳಿಬಿಟ್ಟು ಅವನ ತಲೆ ಸವರಿ, "ಪುಕ್ಕಲ," ಎಂದಳು.

*

"ತೋರಿಸಮ್ಮ," ಎಂದ ಡ್ರೈವರ್.

ಚುಕ್ಕಿಯನ್ನು ಅವನು ಬೇಲಿಯ ಬದಿಗೆ ಕರೆದುಕೊಂಡು ಬಂದಿದ್ದ. ತಮ್ಮ ಸ್ವಲ್ಪ ದೂರದಲ್ಲಿ ನಿಂತು ಇವರನ್ನೇ ನೋಡುತ್ತಿದ್ದ.

"ಬಂದಿಲ್ಲ ಅಂದ್ನಲ್ಲ ಸರ್."

"ಬಂದಿದೆ. ನೀನು ಹಿಡಿದಿಟ್ಟಿದೀಯ."

ಹಿಡಿದಿಟ್ಟಿದೀಯ ಎಂದಕೂಡಲೇ ಚುಕ್ಕಿಯ ಕಣ್ಣಲ್ಲಿ ನೀರು ಬಂತು. ಅವರ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು.

"ನಿನ್ನೆ ಬೆಳಗ್ಗೆ ತೆಗೆದ ಚಿತ್ರ ಸರ್. ಇವತ್ತು ಬೆಳಗ್ಗೆ ಇಳೀತು. ನಾನೇ ಮೊದಲು ನೋಡಿದ್ದು. ಇನ್ನೂ ಹೊರಗೆ ಬಿಟ್ಟಿಲ್ಲ."

"ನಿನ್ನೆ ಬೆಳಗ್ಗೆ ಅಂದ್ರೆ, ಅವಳು..."

"ಹೌದು. ಅದೇ ಹೊತ್ತಿಗೆ."

"ತೆರೆದಿದೆಯಾ?"

ಚುಕ್ಕಿ ಚೀಲದಿಂದ ಸುರುಳಿ ಸುತ್ತಿದ ಹಾಳೆಯೊಂದನ್ನು ತೆಗೆದು ಬಿಡಿಸಿದಳು. ಒಂದು ತುದಿಯನ್ನು ಡ್ರೈವರ್ ಹಿಡಿದ, ಇನ್ನೊಂದು ತುದಿ ಅವಳ ಕೈಯಲ್ಲೇ ಇತ್ತು. ಅದೇ ಬಯಲು, ಅದೇ ಸಣ್ಣ ದೊಡ್ಡ ಗುಂಡಿಗಳು. ನಡುವೆ, ಮೂರನೆಯ ಚಿತ್ರದಲ್ಲಿ ಕಪ್ಪಗಿದ್ದ ಜಾಗದಲ್ಲಿ, ಈಗ ಉದ್ದನೆಯ ದಿಬ್ಬ. ಬದಿಯಲ್ಲಿ ಒಟ್ಟಿದ್ದ ಮಣ್ಣು ಇರಲಿಲ್ಲ. ಮಣ್ಣೆಲ್ಲ ಒಳಗೆ ಹೋಗಿತ್ತು.

ಡ್ರೈವರನ ಬೆನ್ನಿನ ಮೇಲೆ ಯಾರೋ ತಣ್ಣನೆಯ ಕೈ ಇಟ್ಟಂತಾಯಿತು. ಅಲ್ಲಿ ನಿನ್ನೆಯೇ ಮುಚ್ಚಿ ಆಗಿದೆ. ಇಲ್ಲಿ ಇನ್ನೂ ತೆರೆದಿಟ್ಟುಕೊಂಡು ನಿಂತಿದ್ದೇವೆ.

"ತಿರುಗಿಸು," ಎಂದ.

"ನಾನು ಎಷ್ಟು ಸಲ ತಿರುಗಿಸಿದೀನೋ ಸರ್."

"ನನ್ನ ಕಣ್ಣೆದುರು ತಿರುಗಿಸು."

ಇಬ್ಬರೂ ಸೇರಿ ಹಾಳೆಯನ್ನು ತಲೆಕೆಳಗು ಮಾಡಿದರು. ಗುಂಡಿಗಳೆಲ್ಲ ಗುಡ್ಡಗಳಾದವು. ದಿಬ್ಬ ಮಾತ್ರ ದಿಬ್ಬವಾಗಿಯೇ ಇತ್ತು.

ಹಾಗಾದರೆ ಅವಳಿಗೆ ತಲೆ ಸರಿಯಿತ್ತು. ಡ್ರೈವರನಿಗೆ ಭಯವಾಯಿತು ನಿಜ. ಆದರೆ ಭಯದ ಅಡಿಯಲ್ಲಿ ಒಂದು ಹೆಮ್ಮೆಯೂ ಇತ್ತು, ಅಳುವೂ ಇತ್ತು. ಎಲ್ಲರೂ ಔಷಧಿಯ ಅಮಲು ಎಂದರು. ಅವನೂ ಒಂದೆರಡು ಸಲ ಹಾಗೆಂದುಕೊಂಡಿದ್ದ. ಜೇಬಿನಿಂದ ನೀಲಿ ಚೌಕುಳಿಯ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡ.

"ಇದನ್ನ ಯಾಕಮ್ಮ ಬಚ್ಚಿಟ್ಟೆ? ಅವಳು ಹೇಳಿದ್ದೇ ಸರಿಯಾಯ್ತಲ್ಲ. ಇದನ್ನೇ ಅಲ್ವಾ ಅವಳು ಕೇಳಿದ್ದು?"

ಚುಕ್ಕಿ ಹಾಳೆಯ ಅಂಚನ್ನು ಇನ್ನೂ ಬಿಗಿಯಾಗಿ ಹಿಡಿದಳು. ಆಗ ಡ್ರೈವರ್ ಅವಳ ಕೈ ನೋಡಿದ. ಹಾಳೆ ತಿರುಗಿಸುವಾಗಲೂ ಅವಳ ಬಲಗೈ ಹೆಬ್ಬೆರಳು ಕದಲಿರಲಿಲ್ಲ. ದಿಬ್ಬದ ಪಕ್ಕದ ಒಂದು ಜಾಗವನ್ನು ಒತ್ತಿ ಹಿಡಿದು ಉಗುರು ಬೆಳ್ಳಗಾಗಿತ್ತು.

"ಬೆರಳು ತೆಗಿ."

"ಬೇಡ ಸರ್."

"ತೆಗೀಯಮ್ಮ."

ಅವಳು ತೆಗೆಯಲಿಲ್ಲ. ಡ್ರೈವರನೇ ಮೆಲ್ಲಗೆ, ಮಗುವಿನ ಕೈಯಿಂದ ಏನನ್ನೋ ಬಿಡಿಸಿಕೊಳ್ಳುವ ಹಾಗೆ, ಆ ಹೆಬ್ಬೆರಳನ್ನು ಎತ್ತಿದ.

ದಿಬ್ಬದ ಪಕ್ಕದಲ್ಲಿ ಉಗುರಿನಿಂದ ಗೀರಿದಂಥ ನಾಲ್ಕು ತೆಳು ಗೆರೆಗಳಿದ್ದವು. ನಾಲ್ಕು ಮೂಲೆಯೂ ಸರಿಯಾಗಿ ಕೂಡಿದ್ದವು. ಮೊದಲನೆಯ ಚಿತ್ರದಲ್ಲಿ ಇದ್ದ ಹಾಗೆಯೇ.

ಗೇಟಿನ ಕಡೆಯಿಂದ ಯಾರೋ ಕೆಮ್ಮಿದ್ದು ಕೇಳಿಸಿತು. ಬೇಲಿಯಾಚೆಯ ರಸ್ತೆಯಲ್ಲಿ ಒಂದು ಬಸ್ಸು ಗೇರು ಬದಲಿಸಿ ಏರು ಹತ್ತಿತು. ಎರಡನೇ ಗೇರಿಗೆ ಇಳಿಸಬೇಕಿತ್ತು, ತಡ ಮಾಡಿದ, ಎಂದುಕೊಂಡ ಡ್ರೈವರ್. ಇಂಥ ಹೊತ್ತಿನಲ್ಲೂ ಅದು ತನಗೆ ಹೊಳೆಯಿತಲ್ಲ ಎಂದು ಅವನಿಗೇ ಅಚ್ಚರಿಯಾಯಿತು.

"ಯಾರದು ಅಂತ ಹೇಳೋಕಾಗಲ್ಲ ಸರ್," ಎಂದಳು ಚುಕ್ಕಿ. "ಬರೀ ಗೆರೆ ಇರಬಹುದು. ಚಿತ್ರ ಇಳಿಯುವಾಗ ಕೆಟ್ಟಿರಬಹುದು. ನಿಮಗೆ ಇವತ್ತೇ ಇದನ್ನ ತೋರಿಸೋದು ಬೇಡ ಅಂತ..."

"ಪಕ್ಕದಲ್ಲೇ ಇದೆಯಲ್ಲ," ಎಂದ ಡ್ರೈವರ್.

ಚುಕ್ಕಿ ಅವನ ಮುಖ ನೋಡಿದಳು. ಹೆದರಿದವರ ಮುಖ ಹಾಗಿರುವುದಿಲ್ಲ. ತುಂಬಿದ ಬಸ್ಸು ಹತ್ತಿ, ಜನರ ಹೆಗಲ ಮೇಲಿಂದ ಕತ್ತು ಉದ್ದ ಮಾಡಿ ಹುಡುಕಿ, ಕೊನೆಗೆ ಕಂಡವನ ಮುಖ ಅದು.

"ಇದನ್ನ ಹೊರಗೆ ಬಿಡಲಾ ಸರ್?" ಎಂದಳು ಕೊನೆಗೆ. "ಎಲ್ಲರಿಗೂ ಕಾಣುತ್ತೆ."

"ಬಿಡು. ಅವಳು ಒಂದನ್ನೂ ಹಿಡಿದಿಟ್ಟೋಳಲ್ಲ. ಅವಳದ್ದನ್ನೇ ನೀನು ಹಿಡಿದಿಟ್ರೆ ಹೇಗೆ?"

"ಯಾರಾದ್ರೂ ನೋಡಿ ಕೇಳಿದ್ರೆ?"

"ತಿರುಗಿಸಿ ನೋಡಿ ಅಂತ ಬರಿ."

ಚುಕ್ಕಿ ಅಳುತ್ತಲೇ ನಕ್ಕುಬಿಟ್ಟಳು. ಫೋನು ತೆಗೆದು, ಕನ್ನಡಕ ಹಾಕಿಕೊಂಡು, ಒಂದೆರಡು ಕಡೆ ಬೆರಳಿಟ್ಟಳು. ಡ್ರೈವರನ ಜೇಬಿನಲ್ಲಿದ್ದ ಫೋನಿನಲ್ಲಿ ಬೂದುಬಣ್ಣದ ಚೌಕ ತುಂಬಿಕೊಂಡಿತು. ಅವನು ಅದನ್ನು ತೆಗೆದು ನೋಡಲಿಲ್ಲ.

ಗುಂಡಿಯ ಹತ್ತಿರ ಬಂದು ಅವನು ಮೊಣಕಾಲೂರಿ ಕೂತ. ವಯಸ್ಸಾದ ಮೊಣಕಾಲು, ಕೂರಲು ಹೊತ್ತು ಹಿಡಿಯಿತು. ಅಂಚಿನಿಂದ ಒಳಗೆ ಬಗ್ಗಿ ಏನೋ ಹೇಳಿದ. ಅಜ್ಜಿಗೆ ಕಿವಿ ಮಂದ, ತಮ್ಮನಿಗೆ ದೂರವಿತ್ತು. ಕೇಳಿಸಿದ್ದು ಗುಂಡಿಯ ಆಳೊಬ್ಬನಿಗೇ. ಮುಚ್ಚಿದೆ ಕಣೆ ಎಂದರು, ಆಮೇಲೆ ಪುಕ್ಕಲ ಅಲ್ಲ ನಾನು ಎಂದರು ಎಂದು ಅವನು ಮನೆಗೆ ಹೋಗಿ ಹೆಂಡತಿಗೆ ಹೇಳಿದನಂತೆ. ಅರ್ಥ ಇಬ್ಬರಿಗೂ ಆಗಲಿಲ್ಲ.

"ಏನಿತ್ತು ಭಾವ ಆ ಚಿತ್ರದಲ್ಲಿ?" ತಮ್ಮ ಕೈ ಕೊಟ್ಟು ಎಬ್ಬಿಸಿದ.

"ನಿನ್ನಕ್ಕ ಹೇಳಿದ್ದೇ ಇತ್ತು."

"ಅಂದ್ರೆ?"

"ಅಂದ್ರೆ ನಿನ್ನಕ್ಕನಿಗೆ ತಲೆ ಸರಿ ಇತ್ತು. ಮುಚ್ಚಪ್ಪ ನೀನು," ಎಂದು ಆಳಿಗೆ ಹೇಳಿದ.

ಅಕ್ಕ ಹಾಸಿಗೆಯಿಂದ ತನ್ನ ಕೈ ಹಿಡಿದು, ಯಾರೋ ಅಗೀತಿದಾರೆ ಕಣೋ ಎಂದದ್ದು ತಮ್ಮನಿಗೆ ನೆನಪಾಗಿರಬೇಕು. ಅವನು ಇನ್ನೊಂದು ಸಲಿಕೆ ತೆಗೆದುಕೊಂಡು ತಾನೂ ಮಣ್ಣು ಎಳೆಯತೊಡಗಿದ. ಕೆಲಸ ಬೇಗನೆ ಮುಗಿಯಿತು. ಬದಿಗೆ ಒಟ್ಟಿದ್ದ ಮಣ್ಣೆಲ್ಲ ಒಳಗೆ ಹೋಗಿ ದಿಬ್ಬವಾಯಿತು. ಆಳು ಅದನ್ನು ಸಲಿಕೆಯ ಬೆನ್ನಿನಿಂದ ತಟ್ಟಿ ಒಪ್ಪ ಮಾಡಿದ.

ಆಮೇಲೆ ಅವನು ಪಕ್ಕದ ಖಾಲಿ ನೆಲಕ್ಕೆ ಬಂದು, ನಾಳೆಯದಕ್ಕೆ ಅಳತೆ ಹಾಕಲು ಸಲಿಕೆಯ ಮೊನೆ ಊರಿದ.

"ಯಜಮಾನ್ರೇ, ಇಲ್ಲಿ ಯಾರಾದ್ರೂ ಬರ್ತಾರಾ? ಇಲ್ಲಾಂದ್ರೆ ನಾಳೆ ಇಲ್ಲೇ ತೋಡ್ತೀನಿ."

"ಬರ್ತಾರೆ," ಎಂದ ಡ್ರೈವರ್.

ಅವನು ಜೇಬಿನಿಂದ ಕರವಸ್ತ್ರ ತೆಗೆದು ಕೊಡವಿದ. ನೆಲದ ಮೇಲೆ ಹಾಸಿ, ನಾಲ್ಕೂ ಮೂಲೆ ಎಳೆದು ನೇರ ಮಾಡಿದ. ಗಾಳಿಗೆ ಹಾರದಿರಲೆಂದು ಮೇಲೊಂದು ಕಲ್ಲಿಟ್ಟ.

ಗೇಟಿನ ಹತ್ತಿರ ಹೋದ ಮೇಲೆ ತಮ್ಮ ಹಿಂತಿರುಗಿ ನೋಡಿದ. ಬಿಸಿಲು ಎದುರಿನಿಂದ, ನೆಲಕ್ಕೆ ತಾಗುವಷ್ಟು ತಗ್ಗಿನಿಂದ ಬರುತ್ತಿತ್ತು. ಆ ಬೆಳಕಿಗೆ ಸ್ಮಶಾನದ ಹಳೆಯ ದಿಬ್ಬಗಳೆಲ್ಲ ಗುಂಡಿಗಳ ಹಾಗೆ ಕಂಡವು. ಅವನು ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಅಕ್ಕನದೊಂದು ದಿಬ್ಬವಾಗಿಯೇ ಇತ್ತು. ಅದರ ಪಕ್ಕದಲ್ಲಿ ಕರವಸ್ತ್ರದ ಒಂದು ಮೂಲೆ ಮೇಲೆದ್ದು, ಸ್ವಲ್ಪ ಹೊತ್ತು ಹಾಗೇ ನಿಂತು, ಮತ್ತೆ ನೆಲಕ್ಕೆ ಅಂಟಿಕೊಂಡಿತು. ಗಾಳಿ ಬೀಸುತ್ತಿರಲಿಲ್ಲ.